ಅಪ್ಪನ ಇಂಜೆಕ್ಷನ್ನೂ ಜೀವಕೋಶದ ಕಣದಂಗಗಳೂ

ಕಾಮರ್ಸ್ ಓದುವವನಿಗೆ ಜೀವಶಾಸ್ತ್ರದ ಗೊಡವೆ ಯಾಕೆ ಅಂತ ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ಅಪ್ಪನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆ ಸಾಲದೆ ಕಳೆದ ವರ್ಷ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು. ದಿನಾ ಚುಚ್ಚುವ ಕೆಲಸ ನನ್ನದು. ಒಂದು ರಾತ್ರಿ ಅಪ್ಪ, "ಅಲ್ಲ ಮಾರಾಯ, ಎಲ್ಲದಕ್ಕೂ ಗುಳಿಗೆ ಉಂಟು, ಇದಕ್ಕೆ ಮಾತ್ರ ಸೂಜಿಯೇ ಯಾಕೆ?" ಅಂದರು. ಕನ್ನಡ ಶಾಲೆಯಲ್ಲಿ ಜೀವಕೋಶದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ತೆಗೆದವನು ನಾನು. ಉತ್ತರ ಮಾತ್ರ ಬರಲಿಲ್ಲ. ನಾಚಿಕೆಯಾಗಿ ಮತ್ತೆ ಓದಲು ಕೂತೆ. ಈ ಸಲ ಹೆಸರುಗಳನ್ನು ಬಾಯಿಪಾಠ ಮಾಡದೆ, ಇನ್ಸುಲಿನ್ ಒಂದರ ಹಿಂದೆಯೇ ಹೋದೆ.

ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ನಮ್ಮ ಕೋಶಗಳು ಯೂಕ್ಯಾರಿಯೋಟಿಕ್ ಜಾತಿಯವು. ಎಂದರೆ ಡಿಎನ್‌ಎ ಇರುವ ಕೋಶಕೇಂದ್ರಕ್ಕೆ ಪ್ರತ್ಯೇಕ ಪೊರೆಯಿದೆ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಕೋಣೆಗಳಿವೆ. ಇನ್ಸುಲಿನ್ನಿನ ಮೂಲ ಬರಹ ಕೋಶಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಆರ್‌ಎನ್‌ಎ ಎಂಬ ನಕಲು ಮಾತ್ರ ಬರುತ್ತದೆ. ರೈಬೋಸೋಮ್ ಅದನ್ನು ಓದಿ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸುತ್ತದೆ. ಒಟ್ಟು 110.

ಈ ಸರ ಎಂಡೋಪ್ಲಾಸ್ಮಿಕ್ ಜಾಲದ ಒಳಗೆ ಇಳಿಯುತ್ತದೆ. ಮುಂದಿನ 24 ಮಣಿಗಳು ಒಳಗೆ ಬಿಡುವ ಚೀಟಿ ಇದ್ದ ಹಾಗೆ. ಕೆಲಸ ಮುಗಿದ ಮೇಲೆ ಅವನ್ನು ಕತ್ತರಿಸಿ ಬಿಡುತ್ತಾರೆ ಅನ್ನಿ. ಉಳಿದ 86ರ ಸರ ಅಲ್ಲೇ ಸರಿಯಾಗಿ ಮಡಚಿಕೊಂಡು, ಮೂರು ಕಡೆ ಗಂಧಕದ ಬಂಧದಿಂದ ಬಿಗಿಯಾಗುತ್ತದೆ. ನಂತರ ಗಾಲ್ಜಿ ಸಂಕೀರ್ಣ. ಅಲ್ಲಿ ಪುಟ್ಟ ಚೀಲಗಳಲ್ಲಿ ತುಂಬುತ್ತದೆ. ಚೀಲದೊಳಗೆ ನಡುವಿನ 31 ಮಣಿಗಳ ತುಂಡು ಬೇರೆಯಾಗುತ್ತದೆ, ಕತ್ತರಿಸಿದ ಕಡೆ ಇನ್ನೂ 4 ಹೋಗುತ್ತವೆ. ತಾಳೆ ಪಟ್ಟಿಯ ಹಾಗೆ ಕೂಡಿ ಕಳೆದು ನೋಡಿ, ಉಳಿಯುವುದು 51. ಅದೇ ಇನ್ಸುಲಿನ್: 21ರ ಒಂದು ಎಳೆ, 30ರ ಇನ್ನೊಂದು.

ಚೀಲ ಬಿಚ್ಚುವುದು ಯಾವಾಗ? ಊಟವಾಗಿ ರಕ್ತದಲ್ಲಿ ಗ್ಲೂಕೋಸ್ ಏರಿದಾಗ. ಗ್ಲೂಕೋಸ್ ಬೀಟಾ ಕೋಶದೊಳಗೆ ಬರುತ್ತದೆ, ಅದರಿಂದ ಮೈಟೊಕಾಂಡ್ರಿಯಾ ಎಟಿಪಿ ತಯಾರಿಸುತ್ತದೆ. ಎಟಿಪಿ ಹೆಚ್ಚಾದರೆ ಕೋಶಪೊರೆಯಲ್ಲಿ ಪೊಟ್ಯಾಸಿಯಂ ಬಾಗಿಲು ಮುಚ್ಚಿ, ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳಬಂದ ಕೂಡಲೇ ಚೀಲಗಳು ಪೊರೆಗೆ ಅಂಟಿ ಇನ್ಸುಲಿನ್ನನ್ನು ಹೊರಗೆ ಬಿಡುತ್ತವೆ. 'ಮೈಟೊಕಾಂಡ್ರಿಯಾ ಶಕ್ತಿಕೇಂದ್ರ' ಅಂತ ಒಂದೇ ಸಾಲು ಉರು ಹೊಡೆದಿದ್ದೆವಲ್ಲ. ಇಲ್ಲಿ ಅದು ಸುದ್ದಿ ಮುಟ್ಟಿಸುವ ಕೆಲಸವನ್ನೂ ಮಾಡುತ್ತದೆ. ಖರ್ಚಾಗದೆ ಹಳತಾದ ಚೀಲಗಳನ್ನು ಲೈಸೋಸೋಮ್ ಕರಗಿಸುತ್ತದೆ. ಈ ಲೈಸೋಸೋಮಿಗೆ 1955ರಲ್ಲಿ ಹೆಸರಿಟ್ಟ ಕ್ರಿಶ್ಚಿಯನ್ ಡಿ ಡೂವ್ ಹೊರಟದ್ದೂ ಇನ್ಸುಲಿನ್ನಿನ ಅಧ್ಯಯನಕ್ಕೇ! 1974ರಲ್ಲಿ ಕ್ಲಾಡ್, ಪಲಾಡೆ ಅವರೊಂದಿಗೆ ಅವರಿಗೆ ನೊಬೆಲ್ ಬಂತು.

ಕೋಣೆಗಳಿಲ್ಲದಿದ್ದರೆ ಏನಾಗುತ್ತದೆ? ಇದಕ್ಕೂ ಇನ್ಸುಲಿನ್ನೇ ಸಾಕ್ಷಿ. 1978ರಲ್ಲಿ ಮನುಷ್ಯನ ಇನ್ಸುಲಿನ್ನನ್ನು ಮೊದಲು ಬ್ಯಾಕ್ಟೀರಿಯಾದಲ್ಲಿ ಮಾಡಿಸಿದಾಗ ಎರಡು ಎಳೆಗಳನ್ನು ಬೇರೆ ಬೇರೆ ತಯಾರಿಸಿ, ಹೊರಗೆ ತೆಗೆದು ಜೋಡಿಸಬೇಕಾಯಿತು. ಬ್ಯಾಕ್ಟೀರಿಯಾಕ್ಕೆ ಎಂಡೋಪ್ಲಾಸ್ಮಿಕ್ ಜಾಲವೂ ಇಲ್ಲ, ಗಾಲ್ಜಿಯೂ ಇಲ್ಲ. ಯೀಸ್ಟ್ ನಮ್ಮ ಹಾಗೆ ಯೂಕ್ಯಾರಿಯೋಟ್. ಅದು ಸರವನ್ನು ತಾನೇ ಮಡಚಿ ಹೊರಗೆ ಬಿಡುತ್ತದೆ. ಇವತ್ತು ಬ್ಯಾಕ್ಟೀರಿಯಾ, ಯೀಸ್ಟ್ ಎರಡರಲ್ಲೂ ಮದ್ದು ತಯಾರಾಗುತ್ತದೆ.

ಇನ್ನು ಅಪ್ಪನ ಪ್ರಶ್ನೆ. ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆಯ ಪ್ರೋಟೀನನ್ನು ಅರಗಿಸುವ ಹಾಗೆ ಹೊಟ್ಟೆ ಅದನ್ನೂ ಅರಗಿಸುತ್ತದೆ. ಇಷ್ಟು ಕೋಣೆ ದಾಟಿ ಪಡೆದ ಆಕಾರ ಹಾಳಾಗುತ್ತದೆ, ಆಕಾರ ಹೋದರೆ ಕೆಲಸವೂ ಹೋಯಿತು. ಅದಕ್ಕೇ ಸೂಜಿ.

ಹೇಳಿದೆ. ಅಪ್ಪ ಸುಮ್ಮನೆ ಕೇಳಿ, "ಹಾಗಾದರೆ ನನ್ನ ಕಾರ್ಖಾನೆ ಬಂದ್ ಅನ್ನು" ಅಂದರು. ಬಂದ್ ಅಲ್ಲ ಅಪ್ಪಾ. ಶರೀರ ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳದ್ದರಿಂದ ವರ್ಷಗಟ್ಟಲೆ ಹೆಚ್ಚು ದುಡಿದು ದಣಿದಿದೆ, ಅಂದೆ. ಅವರು ಅಂಗಿ ಮೇಲೆತ್ತಿದರು. ನಾನು ಸೂಜಿ ತೆಗೆದುಕೊಂಡೆ. ಆ ಪುಟ್ಟ ಬಾಟಲಿಯೊಳಗೆ ಏನಿದೆ ಅಂತ ಅವತ್ತು ನನಗೆ ಗೊತ್ತಿತ್ತು.