ಪೆಟ್ಟಿಗೆಗಿಂತ ಮೊದಲು ಹೂವಿನ ಲೆಕ್ಕ: ಬಯಲುಸೀಮೆಯ ಜೇನು ಸಾಕಣೆಗೆ ಏಳು ಸೂತ್ರಗಳು

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಮಲೆನಾಡಿನ ಜೇನು ಪಾಠ ಅರ್ಧ ಮಾತ್ರ ಹೊಂದುತ್ತದೆ. ಇಲ್ಲಿ ಜೇನಿನ ಅಳಿವು ಉಳಿವು ತೀರ್ಮಾನವಾಗುವುದು ಬಿರುಬೇಸಿಗೆಯಲ್ಲಿ, ಹೂವಿಲ್ಲದ ದಿನಗಳಲ್ಲಿ.

1. ಮೊದಲು ಹೂವಿನ ಲೆಕ್ಕ ಹಾಕಿ. ಹೊಲದ ಸುತ್ತ ಒಂದು ಕಿಲೋಮೀಟರಿನಲ್ಲಿ ಯಾವ ತಿಂಗಳು ಏನು ಅರಳುತ್ತದೆ ಎಂದು ಬರೆದಿಡಿ. ಬೇಸಿಗೆಗೆ ಬೇವು, ಹೊಂಗೆ, ಮಳೆ ಹಿಡಿಯುವ ಹೊತ್ತಿಗೆ ಹುಣಸೆ, ಆಮೇಲೆ ಜಾಲಿ, ಸೂರ್ಯಕಾಂತಿ, ಹುಚ್ಚೆಳ್ಳು, ಹಿಂಗಾರಿನಲ್ಲಿ ಕೊತ್ತಂಬರಿ. ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳವೇ ಇದ್ದರೆ ಮೋಸಹೋಗಬೇಡಿ. ಅದು ಪರಾಗ ಕೊಡುತ್ತದೆ, ಮಕರಂದ ಕೊಡುವುದಿಲ್ಲ; ಮರಿಗಳು ಬೆಳೆದಾವು, ತುಪ್ಪ ತುಂಬದು. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೆ ಅದನ್ನು ಮೊಗ್ಗಿನಲ್ಲೇ ಬಿಡಿಸುತ್ತಾರೆ. ಮಲ್ಲಿಗೆ ತೋಟವೊಂದನ್ನೇ ನಂಬಿ ಪೆಟ್ಟಿಗೆ ಇಡಬೇಡಿ.

2. ಜಾತಿ ತಿಳಿದು ಸಾಕಿ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುತ್ತವೆ, ಪೆಟ್ಟಿಗೆಗೆ ಒಗ್ಗವು. ಒಂದೇ ಜಾಗದಲ್ಲಿ ಸಾಕುವವರಿಗೆ ತುಡುವೆ ಸರಿ. ಮೆಲ್ಲಿಫೆರಾ ಜಾತಿಯ ಜೇನು ಹೆಚ್ಚು ತುಪ್ಪ ಕೊಡುತ್ತದೆ, ಆದರೆ ಹೂವು ಹುಡುಕಿ ಪೆಟ್ಟಿಗೆ ಸಾಗಿಸುವ ತಯಾರಿ ಬೇಕು. 1991-92ರ ಹೊತ್ತಿಗೆ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಕುಟುಂಬಗಳನ್ನು ದೊಡ್ಡ ಪ್ರಮಾಣದಲ್ಲಿ ಬಲಿ ತೆಗೆದುಕೊಂಡಿತ್ತು. ಕೊಳ್ಳುವಾಗ ಎರಿ ಎತ್ತಿ ನೋಡಿ. ಕಣಗಳಲ್ಲಿ ಮರಿ ಸತ್ತಿದ್ದರೆ ಬಿಟ್ಟುಬನ್ನಿ.

3. ಎರಡು ಕುಟುಂಬ ಇಡಿ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿ ಕೊಡಬಹುದು. ಕೆಲಸಗಾರ ಹುಳುಗಳು ಅದರಲ್ಲೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 16 ದಿನ.

4. ನೆರಳು, ನೀರು. ಮರಿಗಳಿರುವ ಕೋಣೆಯನ್ನು ಜೇನು 34-35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳುತ್ತದೆ. ಹೊರಗೆ 40 ದಾಟಿದಾಗ ನೀರು ತಂದು, ರೆಕ್ಕೆ ಬೀಸಿ ತಂಪು ಮಾಡುವುದೇ ಅದಕ್ಕೆ ದೊಡ್ಡ ದುಡಿಮೆ. ಬೇವಿನ ಇಲ್ಲವೇ ಹುಣಸೆಯ ನೆರಳಲ್ಲಿ, ಬಾಗಿಲು ಮೂಡಣಕ್ಕೆ ಮಾಡಿ ಪೆಟ್ಟಿಗೆ ಇಡಿ. ಹತ್ತಿರದಲ್ಲೇ ಅಗಲ ಪಾತ್ರೆಯಲ್ಲಿ ನೀರು, ಮುಳುಗದಂತೆ ಕೂರಲು ಕಲ್ಲು ಇರಲಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತುವುದಿಲ್ಲ. ಹೂವು ಮುಗಿದಾಗ ಸಕ್ಕರೆ ನೀರು ಕೊಡಿ. ಹಸಿದ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ.

5. ಎಣ್ಣೆ ಹೊಡೆಯುವ ಸುದ್ದಿ ಮೊದಲೇ ತಿಳಿಯಿರಿ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನಿಂದಾಗಿ ಮೆಕ್ಕೆಜೋಳಕ್ಕೆ ಔಷಧಿ ಹೊಡೆತ ಹೆಚ್ಚಿದೆ. ಜೇನು ಆ ಹೂವಿನ ಪರಾಗಕ್ಕೆ ಬರುವುದು ಬೆಳಗಿನಲ್ಲಿ. ಪಕ್ಕದ ಹೊಲದವರ ಜೊತೆ ಕೂತು ಮಾತಾಡಿ, ಸಂಜೆ ಹೊಡೆಯಲು ಕೇಳಿಕೊಳ್ಳಿ. ಸೂರ್ಯಕಾಂತಿಯ ಕಾಳು ಕಟ್ಟಲು ಜೇನು ಬೇಕೆಂಬುದನ್ನು ಅವರಿಗೂ ಹೇಳಿ. ಅವರ ಇಳುವರಿಯೂ ಅದರಲ್ಲಿದೆ.

6. ಗುಡೇಕೋಟೆ ಕರಡಿಧಾಮದ ಆಸುಪಾಸಿನವರು ಪೆಟ್ಟಿಗೆಯನ್ನು ಕಾಡಂಚಿನಲ್ಲಿ ಇಡಬೇಡಿ. ಕರಡಿಗೆ ಜೇನು ಎಂದರೆ ಪ್ರಾಣ.

7. ಎರಿಯ ಮುಕ್ಕಾಲು ಭಾಗಕ್ಕೆ ಮೇಣದ ಮುಚ್ಚಳ ಬಿದ್ದ ಮೇಲೆಯೇ ತುಪ್ಪ ತೆಗೆಯಿರಿ. ಹಸಿ ತುಪ್ಪ ಹುಳಿಯುತ್ತದೆ. ಮರಿಗಳಿರುವ ಸಂಸಾರ ಕೋಣೆಯ ತುಪ್ಪವನ್ನು ಮಾತ್ರ ಮುಟ್ಟಬೇಡಿ, ಅದು ಅವುಗಳ ಬೇಸಿಗೆಯ ಬುತ್ತಿ.

ತರಬೇತಿ, ಸಹಾಯಧನದ ವಿವರಕ್ಕೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಮೊದಲ ಕುಟುಂಬವನ್ನು ಹೂವು ತುಂಬುವ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತನ್ನಿ, ಬೇಸಿಗೆಯ ನಡುವೆ ತರಲೇಬೇಡಿ.