ಕರೆಂಟು ಹೋದ ರಾತ್ರಿಯನ್ನು ನೆನೆದು ಟ್ಯಾಂಕು ಕೊಳ್ಳು

ಪುಟ್ಟೀ,

ಮಂಗಳೂರಿನಲ್ಲಿ ನಿನ್ನದೇ ಫ್ಲಾಟು ಆಯಿತು, ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುತ್ತೇನೆ ದೊಡ್ಡಪ್ಪಾ ಅಂತ ನೀನು ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬೆಂಗಳೂರಿಗೆ ಬಂದಾಗಲೆಲ್ಲ ಊಟಕ್ಕೆ ಕರೆದರೂ ಏಳದೆ ನನ್ನ ಟ್ಯಾಂಕಿನ ಗಾಜಿಗೆ ಮೂಗು ಒತ್ತಿಕೊಂಡು ಕೂರುತ್ತಿದ್ದವಳು ನೀನು. ಅಂಗಡಿಯವರು ಬರೆದುಕೊಟ್ಟ ಪಟ್ಟಿ ಕಳಿಸಿದ್ದೀಯಲ್ಲ, ಎರಡು ಸಲ ಓದಿದೆ. ಎರಡಡಿ ಟ್ಯಾಂಕು, ನೀಲಿ ಎಲ್‌ಇಡಿ ಲೈಟು, ಗಾಜಿಗೆ ನೇತುಹಾಕುವ ಫಿಲ್ಟರು, ಎರಡು ಕೆ.ಜಿ. ಉಪ್ಪು, ಲೈವ್ ರಾಕ್, ಒಂದು ಜೋಡಿ ಕ್ಲೌನ್ ಮೀನು. ಎಲ್ಲವೂ ಒಂದೇ ದಿನ ಮನೆಗೆ. ಇದರಲ್ಲಿ ಬಹುಪಾಲು ಬದಲಾಗಬೇಕು. ಅದನ್ನು ಹೇಳುವುದಕ್ಕೇ ಈ ಕಾಗದ.

ನಾನೂ ಎರಡಡಿ ಟ್ಯಾಂಕಿನಿಂದಲೇ ಶುರು ಮಾಡಿದವನು. ಏಪ್ರಿಲ್ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಹನ್ನೊಂದಕ್ಕೆ ಹೋದ ಕರೆಂಟು ಬರಲೇ ಇಲ್ಲ. ಒಂದು ಗಂಟೆಯ ಹೊತ್ತಿಗೆ ಎದ್ದು ಟಾರ್ಚ್ ಬಿಟ್ಟು ನೋಡಿದರೆ ಎರಡೂ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದವು. ಕಿವಿರು ಬಡಬಡ ಹೊಡೆದುಕೊಳ್ಳುತ್ತಿತ್ತು. ಪಂಪು ನಿಂತ ಮೇಲೆ ನೀರು ಅಲುಗಾಡುವುದಿಲ್ಲ, ಗಾಳಿ ನೀರಿಗೆ ಇಳಿಯುವುದಿಲ್ಲ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಬೆಚ್ಚಗಾದಷ್ಟೂ ಇನ್ನೂ ಕಡಿಮೆ. ಸ್ನಾನದ ಮನೆಯ ಚೊಂಬು ತೊಳೆದು ತಂದು, ಟ್ಯಾಂಕಿನ ನೀರನ್ನೇ ಮೊಗೆದು ಒಂದಡಿ ಮೇಲಿನಿಂದ ಸುರಿಯುತ್ತಾ ಕೂತೆ. ಬೆಳಗಿನ ಜಾವ ಐದರವರೆಗೆ ಸುರಿದೆ. ಒಂದು ಮೀನು ಉಳಿಯಿತು. ಇನ್ನೊಂದು ನನ್ನ ಕಣ್ಣೆದುರೇ ಮರಳಿನ ಮೇಲೆ ಮಗುಚಿತು.

ಆವತ್ತಿನಿಂದ ಯಾವ ಸಾಮಾನು ಕೊಂಡರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕರೆಂಟು ಹೋದರೆ ಇದರ ಕಥೆ ಏನು? ನೀನೂ ಅದನ್ನೇ ಕೇಳು. ನಿಮ್ಮೂರಿನ ಜೂನ್ ಜುಲೈ ಮಳೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಮೊದಲು ಟ್ಯಾಂಕಿನ ಅಳತೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದರಲ್ಲಿ ಹಿಡಿಯುವುದು 56 ಲೀಟರು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಮಾಡಿಸಿದರೆ 190 ಲೀಟರು. ಚಿಕ್ಕದು ಸುಲಭ ಅನ್ನುವುದು ಅಂಗಡಿಯ ಮಾತು, ಉಪ್ಪುನೀರಿನಲ್ಲಿ ಅದು ತಿರುಗುಮುರುಗು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಚಿಕ್ಕ ಟ್ಯಾಂಕಿನಲ್ಲಿ 3 ಲೀಟರು ಆರಿಹೋದರೆ ಸಾವಿರಕ್ಕೆ 35 ಪಾಲು ಇದ್ದ ಉಪ್ಪು 37ಕ್ಕೆ ಏರುತ್ತದೆ. ದೊಡ್ಡದರಲ್ಲಿ ಮೇಲ್ಮೈ ಅಗಲವಿರುವುದರಿಂದ ಅಷ್ಟೇ ದಿನಕ್ಕೆ 7 ಲೀಟರು ಆರೀತು. ಆದರೂ 36 ದಾಟುವುದು ಸ್ವಲ್ಪವೇ. ಬಿಸಿಯಾಗುವುದೂ, ಆಮ್ಲಜನಕ ತೀರುವುದೂ ದೊಡ್ಡದರಲ್ಲಿ ನಿಧಾನ. ಮೂರಡಿಯದನ್ನೇ ಮಾಡಿಸು, 10 ಎಂಎಂ ಗಾಜಿನಲ್ಲಿ. ಕಲ್ಲು, ಮರಳು, ಸ್ಟ್ಯಾಂಡು ಸೇರಿದರೆ 250 ಕೆ.ಜಿ. ಮೀರುತ್ತದೆ, ಹಾಗಾಗಿ ಹಾಲ್‌ನ ನಡುವೆ ಬೇಡ, ಗೋಡೆಗೆ ಒತ್ತಿ ಬೀಮ್ ಇರುವ ಕಡೆ ಇಡು. ಟ್ಯಾಂಕಿನ ಅಡಿಗೆ ಥರ್ಮಾಕೋಲ್ ಶೀಟು ಹಾಸು. ಯಾರಾದರೂ ಹವ್ಯಾಸ ಬಿಟ್ಟು ಮಾರುತ್ತಿದ್ದರೆ ಪಂಪಿನಂಥ ಸಾಮಾನು ಕೊಳ್ಳಬಹುದು. ಹಳೆಯ ಗಾಜಿನ ಟ್ಯಾಂಕು ಮಾತ್ರ ಬೇಡ, ಅದರ ಸಿಲಿಕೋನ್ ಅಂಟು ಎಷ್ಟು ವರ್ಷದ್ದೋ ಹೇಗೆ ನಂಬುವುದು?

ಇನ್ನು ನೀರು. ನಿನ್ನ ಪಟ್ಟಿಯಲ್ಲಿ ನೀರಿಗೆಂದು ಒಂದು ಸಾಲೂ ಇಲ್ಲ, ಹೆಚ್ಚು ಹಣ ಹಾಕಬೇಕಾದದ್ದು ಅಲ್ಲೇ. ಪಣಂಬೂರಿನ ಸಮುದ್ರ ಅಷ್ಟು ಹತ್ತಿರ ಇರುವಾಗ ಕ್ಯಾನಿನಲ್ಲಿ ತುಂಬಿಕೊಂಡು ಬಂದರಾಗದೇ ಅಂತ ನಿನಗೆ ಅನ್ನಿಸಿರುತ್ತದೆ. ಆಗದು. ಪಕ್ಕದಲ್ಲೇ ಬಂದರು, ಹಡಗುಗಳ ಎಣ್ಣೆ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿಯ ಕೆಂಪು ನೀರು ಬಂದು ಸೇರಿ ದಡದ ಉಪ್ಪು ತೆಳುವಾಗಿರುತ್ತದೆ. ತುಂಬೆಯಿಂದ ಬರುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಡುಗೆಮನೆಯ ಆರ್‌ಓ ಕೂಡ ಸಾಲದು, ಏಕೆಂದರೆ ಅದು ರುಚಿಗೆಂದು ಖನಿಜಾಂಶವನ್ನು ಉಳಿಸಿಯೇ ನೀರು ಕೊಡುತ್ತದೆ. ಆರ್‌ಓ ಆದ ಮೇಲೆ, ಉಳಿದ ಖನಿಜಾಂಶವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಘಟಕ ತೆಗೆದುಕೋ. ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರಬೇಕು. ಹತ್ತು, ಹದಿನೈದು ಬಂದರೆ ರೆಸಿನ್ ಮುಗಿದಿದೆ ಎಂದರ್ಥ. ಹಾಗೇ ಬಿಟ್ಟರೆ ಗಾಜೆಲ್ಲ ಪಾಚಿ.

ಅಂಗಡಿಯವರು ಬರೆದ ಎರಡು ಕೆ.ಜಿ. ಉಪ್ಪು ಆ ಚಿಕ್ಕ ಟ್ಯಾಂಕಿಗೇ ಸರಿಹೋಗುವಷ್ಟು. ಲೀಟರಿಗೆ 35ರಿಂದ 38 ಗ್ರಾಂ ಲೆಕ್ಕ. ನಿನಗೆ ಮೊದಲ ಸಲಕ್ಕೇ ಆರೇಳು ಕೆ.ಜಿ. ಬೇಕು, ವಾರವಾರ ನೀರು ಬದಲಿಸುವುದಕ್ಕೆ ಬೇರೆ. ಅಕ್ವೇರಿಯಂಗೆಂದೇ ಮಾಡಿದ ಉಪ್ಪೇ ಆಗಬೇಕು. ನೀರಿನ ಉಪ್ಪನ್ನು ಅಳೆಯುವುದಕ್ಕೆ ಮುಳ್ಳು ಅಲ್ಲಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಕೊಳ್ಳಬೇಡ. ಮುಳ್ಳಿಗೆ ಒಂದು ಗುಳ್ಳೆ ಅಂಟಿಕೊಂಡರೆ ಸಾಕು, ಸುಳ್ಳು ಹೇಳುತ್ತದೆ. ರಿಫ್ರಾಕ್ಟೋಮೀಟರ್ ತಗೋ. ಅದರ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳ ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಕೂಡುವ ಗೆರೆ 35ರ ಮೇಲೆ ಕೂತಿರಬೇಕು. ತಿಂಗಳಿಗೊಮ್ಮೆ 35ರ ಅಳತೆದ್ರಾವಣ ಹಾಕಿ ಸರಿಮಾಡಿಕೋ. ಆರಿಹೋದ ನೀರಿಗೆ ಬದಲಾಗಿ ಹಾಕುವುದು ಆ ಘಟಕದ ಬರಿಯ ನೀರು, ಉಪ್ಪುನೀರಲ್ಲ. ಇದನ್ನು ಮರೆತು ಎಷ್ಟೋ ಜನ ಮೀನು ಕಳೆದುಕೊಂಡಿದ್ದಾರೆ.

ತಂಪಿನ ವಿಷಯದಲ್ಲಿ ನನ್ನ ಅನುಭವವನ್ನು ನೀನು ಹಾಗೇ ನಕಲು ಮಾಡಬೇಡ. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿಗೆ ನನಗೆ ಹೀಟರ್ ಬೇಕು. ಬೇಸಿಗೆಗೆ ನೀರಿನ ಮೇಲೆ ಒಂದು ಚಿಕ್ಕ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿನಗೆ ಹೀಟರ್ ಬೇಡ. ಫ್ಯಾನೂ ಅಷ್ಟು ಸಾಗದು, ಕರಾವಳಿಯ ಸೆಕೆಯಲ್ಲಿ ಬೆವರೇ ಆರುವುದಿಲ್ಲ, ಇನ್ನು ಟ್ಯಾಂಕಿನ ನೀರು ಆರೀತೇ? 24ರಿಂದ 27 ಡಿಗ್ರಿಯಲ್ಲಿ ಇಡುವುದು ಒಳ್ಳೆಯದು. ಮಾರ್ಚ್‌ನಿಂದ ಮೇವರೆಗೆ ಚಿಲ್ಲರ್ ಇಲ್ಲದೆ ನಿನ್ನ ಕೈಲಿ ಆಗದು. ಚಿಲ್ಲರ್ ನೀರಿನ ಬಿಸಿಯನ್ನು ಹಿಂದಕ್ಕೆ ಉಗುಳುತ್ತದೆ. ಸ್ಟ್ಯಾಂಡಿನ ಕಪಾಟಿನೊಳಗೆ ಮುಚ್ಚಿಟ್ಟರೆ ತನ್ನ ಬಿಸಿ ತಾನೇ ಕುಡಿಯುತ್ತದೆ. ಬಾಲ್ಕನಿಯ ಕಡೆ ಇಡು. ಇನ್ವರ್ಟರ್ ಮೇಲೆ ಅದನ್ನು ಓಡಿಸುವ ಆಸೆ ಬೇಡ.

ಇನ್ವರ್ಟರ್ ಓಡಿಸಬೇಕಾದದ್ದು ವೇವ್‌ಮೇಕರನ್ನು. ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಈ ಚಿಕ್ಕ ಪಂಪಿಗೆ ಹತ್ತು ವ್ಯಾಟ್ ಸಾಕು. ಮನೆಯ 150 ಎಎಚ್ ಬ್ಯಾಟರಿಗೆ ರಾತ್ರಿಯಿಡೀ ಅದು ಭಾರವೇ ಅಲ್ಲ. ಗಂಟೆಗೆ ಎರಡರಿಂದ ನಾಲ್ಕು ಸಾವಿರ ಲೀಟರು ತಳ್ಳುವಂಥದ್ದು ನಿನಗೆ ಸರಿ. ಜತೆಗೆ, ಕರೆಂಟು ಹೋದ ಕ್ಷಣ ತಾನಾಗಿ ಶುರುವಾಗುವ ಬ್ಯಾಟರಿಯ ಗಾಳಿಪಂಪು ಒಂದಿರಲಿ. ಆ ರಾತ್ರಿ ನನ್ನ ಹತ್ತಿರ ಅದೊಂದಿದ್ದಿದ್ದರೆ ಎರಡು ಮೀನೂ ಉಳಿಯುತ್ತಿದ್ದವು.

ನೇತುಹಾಕುವ ಫಿಲ್ಟರ್ ಬಿಡು, ಟ್ಯಾಂಕಿನ ಕೆಳಗೆ ಸಂಪ್ ಮಾಡಿಸು. ಮೇಲಿನಿಂದ ಇಳಿದ ನೀರು ಈ ತೊಟ್ಟಿಯಲ್ಲಿ ಶುದ್ಧವಾಗಿ ಪಂಪಿನಿಂದ ಮತ್ತೆ ಮೇಲೇರುತ್ತದೆ. ಆದರೆ ಪಂಪು ನಿಂತೊಡನೆ ಮೇಲಿನ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿಯುತ್ತದೆ. ನಿನ್ನ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ನಾಲ್ಕು ಲೀಟರಿಗೂ ಹೆಚ್ಚು. ಮೂರು ಸೆಂಟಿಮೀಟರ್ ಇಳಿದರೆ ಹನ್ನೆರಡು ಲೀಟರಿಗೂ ಮಿಕ್ಕಿ. ಅಷ್ಟಕ್ಕೆ ಸಂಪಿನಲ್ಲಿ ಜಾಗ ಉಳಿದಿರಲಿ. ಮೇಲಕ್ಕೆ ಹೋಗುವ ಕೊಳವೆಗೆ ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ತೂತು ಕೊರೆಸು, ಗಾಳಿ ಎಳೆದುಕೊಂಡು ಇಳಿತ ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟದಂತೆ ನೋಡಿಕೋ.

ಸಂಪಿನೊಳಗೆ ಪ್ರೋಟೀನ್ ಸ್ಕಿಮ್ಮರ್. ಮಳೆಗಾಲದಲ್ಲಿ ಅಲೆ ಹೊಡೆದು ಹೊಡೆದು ಮರಳಿನ ಮೇಲೆ ಹಳದಿ ನೊರೆ ಬಿದ್ದಿರುತ್ತದಲ್ಲ, ಅದನ್ನೇ ಈ ಕೊಳವೆ ಮಾಡುವುದು. ನೀರಿನಲ್ಲಿ ಕರಗಿದ ಕೊಳೆ ಸಣ್ಣ ಗುಳ್ಳೆಗಳ ಮೈಗೆ ಅಂಟಿ, ನೊರೆಯಾಗಿ ಮೇಲೇರಿ ಬಟ್ಟಲಿಗೆ ಬೀಳುತ್ತದೆ. ಮೊದಲ ಸಲ ಆ ಕಂದು ನೀರಿನ ವಾಸನೆ ನೋಡಿದಾಗ ಇದೆಲ್ಲ ಮೀನಿನ ಮೈಮೇಲೆ ಇತ್ತಲ್ಲಾ ಅನ್ನಿಸುತ್ತದೆ. ಸಂಪಿನಲ್ಲಿ ಮಟ್ಟ ಏರಿರುವಾಗ ಕರೆಂಟು ಬಂದರೆ ಇದು ಉಕ್ಕಿ ಬಟ್ಟಲಿನ ಕೊಳೆ ವಾಪಸ್ ನೀರಿಗೆ ಬೀಳಬಹುದು. ಮಟ್ಟ ಇಳಿದ ಮೇಲೆ ಶುರುವಾಗುವಂತೆ ಅದಕ್ಕೆ ಟೈಮರ್ ಹಾಕಿಸು.

ವಿದ್ಯುತ್ತಿನ ಕೆಲಸಕ್ಕೆ ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸು. ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಉಪ್ಪುನೀರಿಗೆ ಕೈ ಹಾಕಬೇಡ, ಇದು ನನ್ನ ಆಣೆ. ಎಲ್ಲ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ಲೈಟಿಗೆ ಸಾಧಾರಣದ್ದು ಸಾಕು. ಮೀನಿಗೆ ದುಬಾರಿ ನೀಲಿ ಬೆಳಕು ಬೇಕಿಲ್ಲ. ಲೈವ್ ರಾಕನ್ನು ಪಟ್ಟಿಯಿಂದ ಹೊಡೆದುಹಾಕು. ಸಮುದ್ರದಿಂದ ಎತ್ತಿದ ಆ ಕಲ್ಲು ಬಹಳ ಸಲ ಹವಳವೇ. ಗಟ್ಟಿ ಹವಳಗಳು, ಸೀ ಫ್ಯಾನ್ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಸತ್ತು ಬೆಳ್ಳಗಾದ ಹವಳವನ್ನೂ ಮನೆಯಲ್ಲಿ ಇಡುವಂತಿಲ್ಲ. ಕಾನೂನು ಇರದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಹಾಲ್‌ನ ಅಲಂಕಾರಕ್ಕೆ ಕಡಲಿನ ಮೀನಿನ ಮನೆ ಒಡೆಯಬಾರದು. ಮನುಷ್ಯರೇ ಮಾಡಿದ ರಂಧ್ರದ ಒಣಕಲ್ಲು ಸಿಗುತ್ತದೆ. ಮೀನಿನ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ಅದರ ಮೇಲೆ ಕೂರಲು ನಾಲ್ಕರಿಂದ ಆರು ವಾರ ಬೇಕು, ಅಮೋನಿಯಾ ಮತ್ತು ನೈಟ್ರೈಟ್ ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ಆಗುವವರೆಗೆ ಮೀನಿಲ್ಲ. ಮೀನೂ ಕಡಲಿನಿಂದ ಹಿಡಿದದ್ದು ಬೇಡ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ತಮಿಳುನಾಡಿನ ಮಂಡಪಂನಲ್ಲಿ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ಕಂಡುಕೊಂಡು ಎಷ್ಟೋ ಕಾಲವಾಯಿತು. ಸಾಕಿ ಬೆಳೆಸಿದ ಜೋಡಿಯನ್ನೇ ಕೇಳಿ ತಗೋಬೇಕು.

ಎಲ್ಲ ಜೋಡಿಸಿದ ಮೇಲೆ, ಮೀನು ತರುವ ಹಿಂದಿನ ವಾರ, ಒಂದು ಸಂಜೆ ಮನೆಯ ಮೇನ್ ಸ್ವಿಚ್ ಆರಿಸು. ಸಂಪ್ ಹೊರಚೆಲ್ಲುತ್ತದೋ, ವೇವ್‌ಮೇಕರ್ ಇನ್ವರ್ಟರಿಗೆ ಬಂತೋ, ಗಾಳಿಪಂಪು ಎದ್ದಿತೋ ನೋಡು. ಮೂರು ಗಂಟೆ ಹಾಗೇ ಬಿಟ್ಟು ಮತ್ತೆ ಹಾಕು. ಸ್ಕಿಮ್ಮರ್ ಉಕ್ಕದೆ ಇದ್ದರೆ ನನಗೆ ಫೋನ್ ಮಾಡು. ಮೊದಲ ಜೋಡಿ ಮೀನು ನಾನೇ ತಂದುಕೊಡುತ್ತೇನೆ.

ನಿನ್ನ ದೊಡ್ಡಪ್ಪ