ವರ್ತಕನೂ ಗಣಕದ ಭಾಷೆಯೂ

ಸರಕನ್ನು ತಯಾರಿಸುವುದು ಒಂದು ವಿದ್ಯೆ. ಅದನ್ನು ಬೇಕಾದವರಿಗೆ ತಲುಪಿಸುವುದು ಮತ್ತೊಂದು ವಿದ್ಯೆ. ಮಾತಿನ ಚಾತುರ್ಯ, ಜನರ ಅಭಿರುಚಿಯ ಅರಿವು, ಬೆಲೆಯ ಲೆಕ್ಕಾಚಾರ ಇವು ಬಹುಕಾಲದಿಂದ ಮಾರಾಟಗಾರನ ಬಂಡವಾಳವಾಗಿವೆ. ಇಂದು ಗಿರಾಕಿಯು ಅಂಗಡಿಯ ಮೆಟ್ಟಿಲು ಹತ್ತದೆಯೇ ದೂರವಾಣಿಯ ಪರದೆಯ ಮೇಲೆ ಸರಕನ್ನು ನೋಡಿ ತರಿಸಿಕೊಳ್ಳುವುದುಂಟು. ಆ ಪರದೆಯ ಹಿಂದೆ ದುಡಿಯುವುದು ಗಣಕಯಂತ್ರ. ಆದುದರಿಂದ ಗಣಕಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆಯ ಮೊದಲ ಪಾಠಗಳು ಮಾರಾಟಗಾರನಿಗೂ ಅವಶ್ಯವಾಗಿವೆ.

ಯಾವ ಜಾಹೀರಾತು ಗಿರಾಕಿಯನ್ನು ಕರೆತಂದಿತು ಎಂಬ ಪ್ರಶ್ನೆ ಹಳೆಯದು. ಅಮೆರಿಕದ ಜಾಹೀರಾತು ತಜ್ಞ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದಕ್ಕೊಂದು ಉಪಾಯವನ್ನು ವಿವರಿಸಿದ. ಜಾಹೀರಾತಿನೊಡನೆ ಒಂದು ಚೀಟಿಯನ್ನು ಅಚ್ಚುಮಾಡಬೇಕು. ಒಂದೊಂದು ಜಾಹೀರಾತಿನ ಚೀಟಿಗೂ ಬೇರೆ ಬೇರೆ ಗುರುತು ಇರಬೇಕು. ಮರಳಿ ಬಂದ ಚೀಟಿಗಳನ್ನು ಎಣಿಸಬೇಕು. ಹೀಗೆ ಊಹೆಯ ಸ್ಥಾನಕ್ಕೆ ಎಣಿಕೆ ಬಂದಿತು. ಆದರೆ ಚೀಟಿಗಳು ಸಾವಿರವಾದಾಗ ಎಣಿಸುವ ಕೈ ಸೋಲುತ್ತದೆ. ಆ ಶ್ರಮವನ್ನು ಹೊರಲು ಗಣಕ ಬಂದಿತಾದರೂ, ಅದರ ಭಾಷೆ ವ್ಯಾಪಾರಿಗಳಿಗೆ ತಿಳಿಯದಾಗಿತ್ತು.

ಈ ಕೊರತೆಯನ್ನು ಗ್ರೇಸ್ ಹಾಪರ್ ಎಂಬ ಗಣಿತಜ್ಞೆ 1950ರ ದಶಕದಲ್ಲಿ ಕಂಡುಕೊಂಡಳು. ವ್ಯವಹಾರಸ್ಥರು ಗಣಿತದ ಚಿಹ್ನೆಗಳಿಗಿಂತ ದಿನಬಳಕೆಯ ಪದಗಳನ್ನು ಸುಲಭವಾಗಿ ಗ್ರಹಿಸುತ್ತಾರೆಂದು ಆಕೆ ವಾದಿಸಿ, ಇಂಗ್ಲಿಷ್ ಪದಗಳಲ್ಲಿ ಆಜ್ಞೆ ನೀಡುವ ಭಾಷೆಯೊಂದನ್ನು ರೂಪಿಸಿದಳು. ಅದರ ಪ್ರಭಾವದಿಂದ, 1959ರಲ್ಲಿ ಆರಂಭವಾದ ಸಾಮೂಹಿಕ ಪ್ರಯತ್ನದ ಫಲವಾಗಿ, ವ್ಯಾಪಾರಕ್ಕೆಂದೇ ಕೋಬಾಲ್ ಭಾಷೆ ಸಿದ್ಧವಾಯಿತು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಲ್ಲ ವಿದ್ಯಾರ್ಥಿಗಳೂ ಕಲಿಯಬಹುದಾದ ಬೇಸಿಕ್ ಭಾಷೆಯನ್ನು ನಿರ್ಮಿಸಿದರು.

ವ್ಯಾಪಾರ ಮತ್ತು ಗಣಕ ಎರಡನ್ನೂ ಬಲ್ಲವನು ಏನನ್ನು ಸಾಧಿಸಬಲ್ಲನೆಂಬುದಕ್ಕೆ ಡ್ಯಾನ್ ಬ್ರಿಕ್ಲಿನ್‌ನ ವೃತ್ತಾಂತವೇ ಸಾಕ್ಷಿ. ಆತನು 1978ರಲ್ಲಿ ಹಾರ್ವರ್ಡ್ ವಾಣಿಜ್ಯ ಶಾಲೆಯ ವಿದ್ಯಾರ್ಥಿ. ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕದ ಕೋಷ್ಟಕದಲ್ಲಿ ಒಂದು ಸಂಖ್ಯೆ ಬದಲಾದರೆ, ಅದನ್ನು ಅವಲಂಬಿಸಿದ ಉಳಿದೆಲ್ಲವನ್ನೂ ಅಳಿಸಿ ಬರೆಯಬೇಕಾಗುತ್ತಿತ್ತು. ಸಹಪಾಠಿಗಳೂ ಈ ತೊಂದರೆಯನ್ನು ಕಂಡಿದ್ದರು. ಆದರೆ ಮೊದಲೇ ಗಣಕದ ಕೆಲಸ ಕಲಿತಿದ್ದ ಬ್ರಿಕ್ಲಿನ್‌ಗೆ ಅದರ ಪರಿಹಾರವೂ ಹೊಳೆಯಿತು. ಆತನು ಬೇಸಿಕ್ ಭಾಷೆಯಲ್ಲಿ ಮೊದಲ ಮಾದರಿಯನ್ನು ಬರೆದ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಅದನ್ನು ಪೂರ್ಣ ಕ್ರಮವಿಧಿಯಾಗಿ ಬೆಳೆಸಿದ. 1979ರಲ್ಲಿ ಅದು ವಿಸಿಕ್ಯಾಲ್ಕ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಇಂದು ಕಚೇರಿಗಳಲ್ಲಿ ಬಳಕೆಯಲ್ಲಿರುವ ಗಣಕದ ಲೆಕ್ಕದ ಹಾಳೆ ಅದರದೇ ಸಂತತಿ.

ಹಾಪ್ಕಿನ್ಸನ ಚೀಟಿಯೂ ಗಣಕದಲ್ಲಿ ಮರುಹುಟ್ಟು ಪಡೆಯಿತು. 2007ರ ಕೊನೆಯಲ್ಲಿ, ಬರಾಕ್ ಒಬಾಮರ ಅಧ್ಯಕ್ಷೀಯ ಚುನಾವಣಾ ಪ್ರಚಾರದ ಅಂತರಜಾಲ ಪುಟಕ್ಕೆ ಡ್ಯಾನ್ ಸಿರೋಕರ್ ಮತ್ತು ಸಂಗಡಿಗರು ಒಂದು ಪರೀಕ್ಷೆ ನಡೆಸಿದರು. 6 ಚಿತ್ರ ಅಥವಾ ಚಲನಚಿತ್ರ, 4 ಬಗೆಯ ಗುಂಡಿ, ಒಟ್ಟು 24 ಜೋಡಣೆ. ಬಂದವರಿಗೆ ಇವುಗಳಲ್ಲಿ ಒಂದೊಂದನ್ನು ಗಣಕವೇ ಹಂಚಿತು. ಕಾರ್ಯಕರ್ತರು ಮೆಚ್ಚಿದ್ದು ಚಲನಚಿತ್ರವನ್ನು. ಗೆದ್ದದ್ದು ಕುಟುಂಬದ ಸರಳ ಛಾಯಾಚಿತ್ರ. ಹೆಸರು ನೋಂದಾಯಿಸಿದವರ ಪ್ರಮಾಣ ಶೇಕಡ 8.26ರಿಂದ 11.6ಕ್ಕೆ ಏರಿತು. ಅನುಭವಿಗಳ ಮೆಚ್ಚುಗೆಯೂ ಜನರ ಮೆಚ್ಚುಗೆಯೂ ಒಂದೇ ಅಲ್ಲವೆಂಬುದನ್ನು ಎಣಿಕೆ ತೋರಿಸಿಕೊಟ್ಟಿತು.

ಹಾಗೆಂದು ಮಾರಾಟಗಾರನು ಯಂತ್ರತಜ್ಞನೇ ಆಗಬೇಕಿಲ್ಲ. 'ಹೀಗಿದ್ದರೆ ಹೀಗೆ ಮಾಡು' ಎಂಬ ನಿಬಂಧನೆ, 'ಮುಗಿಯುವವರೆಗೆ ಮಾಡು' ಎಂಬ ಪುನರಾವರ್ತನೆ, ಪುಟದ ರಚನೆಯನ್ನು ಓದುವ ಶಕ್ತಿ, ಸಂಗ್ರಹವಾದ ಮಾಹಿತಿಯಿಂದ ಬೇಕಾದುದನ್ನು ಕೇಳಿ ಪಡೆಯುವ ಕ್ರಮ ಇಷ್ಟನ್ನು ಅರಿತರೆ ಸಾಕು. ಅರಿಯದಿದ್ದರೆ ನಷ್ಟವುಂಟು. ಧನ್ಯವಾದದ ಪುಟ ತೆರೆದೊಡನೆ ಒಂದು ಮಾರಾಟವೆಂದು ಎಣಿಸುವಂತೆ ಆಜ್ಞೆ ಬರೆದಿದೆ ಎನ್ನೋಣ. ಗಿರಾಕಿಯು ಅದೇ ಪುಟವನ್ನು ಮತ್ತೊಮ್ಮೆ ತೆರೆದರೆ ಒಂದು ಮಾರಾಟ ಎರಡಾಗಿ ಕಾಣುತ್ತದೆ. ಲೆಕ್ಕದಲ್ಲಿ ಲಾಭ, ಪೆಟ್ಟಿಗೆಯಲ್ಲಿ ನಷ್ಟ! ಆಜ್ಞೆಯನ್ನು ಓದಬಲ್ಲವನು ಮಾತ್ರ ಈ ತಪ್ಪನ್ನು ಹುಡುಕಬಲ್ಲ. ಇಂದು ಕ್ರಮವಿಧಿಯನ್ನು ಗಣಕವೇ ಬರೆದುಕೊಡುವುದುಂಟು. ಬರೆದುಕೊಟ್ಟದ್ದು ಸರಿಯೇ ಎಂದು ತೂಗಿನೋಡುವ ಹೊಣೆ ಮಾತ್ರ ಮನುಷ್ಯನದೇ.

ಈ ವಿದ್ಯೆಗೆ ವಿವೇಕದ ಕಡಿವಾಣವೂ ಬೇಕು. ಗಿರಾಕಿಯ ಹೆಸರು, ವಿಳಾಸ, ಅಭಿರುಚಿಗಳೆಲ್ಲ ಗಣಕದಲ್ಲಿ ಸೇರುತ್ತವೆ. ಅವು ನಂಬಿಕೆಯಿಂದ ಒಪ್ಪಿಸಿದ ಠೇವಣಿಗಳು. ಇವುಗಳ ರಕ್ಷಣೆಗಾಗಿ ಭಾರತದ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ತನ್ನ ಯಂತ್ರ ಏನನ್ನು ಸಂಗ್ರಹಿಸುತ್ತಿದೆ ಎಂಬುದನ್ನೇ ಅರಿಯದ ವರ್ತಕನು ಈ ಠೇವಣಿಯನ್ನು ಕಾಯುವುದೆಂತು?

ತಕ್ಕಡಿಯನ್ನು ಹಿಡಿಯಲು ಬಾರದವನು ತೂಕದ ವಿಷಯದಲ್ಲಿ ಪರರನ್ನೇ ನಂಬಬೇಕಾಗುತ್ತದೆ. ಈ ಕಾಲದ ವ್ಯಾಪಾರಕ್ಕೆ ಗಣಕವೇ ತಕ್ಕಡಿ. ಅದರ ಭಾಷೆಯನ್ನು ಅಲ್ಪಸ್ವಲ್ಪವಾದರೂ ಕಲಿತವನು ತನ್ನ ಲಾಭವನ್ನು ಅರಿಯುತ್ತಾನೆ. ಗಿರಾಕಿಗೂ ನ್ಯಾಯ ಸಲ್ಲಿಸುತ್ತಾನೆ.